ಜೆಟ್ಟಿಯಲ್ಲಿ ಸಿಕ್ಕ ತೆಂಗಿನ ಅನ್ನ

ಅಮ್ಮನ ವಾಚಿನ ಪಟ್ಟಿಗೆ ಕಾಯಿಸಿದ ಸೂಜಿಯಿಂದ ಮೂರನೆಯ ತೂತು ಕೊರೆದೆ. ಆದರೂ ವಾಚು ಮಣಿಕಟ್ಟಿನ ಸುತ್ತ ತಿರುಗುತ್ತಲೇ ಇತ್ತು. ೨೦೧೫ರ ಆಗಸ್ಟ್ ತಿಂಗಳ ಕೊನೆಯ ಶನಿವಾರ ಅದು.

ಜೂನ್‌ನಲ್ಲಿ ಅಪ್ಪ ಐಸಿಯುನಲ್ಲಿದ್ದಾಗ ಅಮ್ಮ ನಮ್ಮ ಮನೆದೇವರು ದುರ್ಗೆಗೆ ಹರಕೆ ಹೊತ್ತಿದ್ದರು: "ಅವರು ಮನೆಗೆ ಬಂದು ಊಟಕ್ಕೆ ಕೂರುವವರೆಗೆ ನಾನು ಅನ್ನ ಮುಟ್ಟುವುದಿಲ್ಲ." ಹನ್ನೊಂದನೆಯ ದಿನ ಅಪ್ಪ ತೀರಿಕೊಂಡರು. ಹರಕೆ ಮಾತ್ರ ಉಳಿಯಿತು.

"ಅವರು ಬರಲಿಲ್ಲ ಅಂತ ನಾನು ಉಣ್ಣೂದಾ? ದೇವಿಗೆ ಕೊಟ್ಟ ಮಾತು ಮಾರಾಯ್ತಿ" ಎನ್ನುತ್ತಿದ್ದರು. ಚಪಾತಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಲು, ಬಾಳೆಹಣ್ಣು, ಅಷ್ಟೆ. ಹೀಗೇ ಆದರೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರು. ದಿನವೂ ಕೋಪರಖೈರಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬರುವ ಮೊದಲು ನಾನು ಒಂದೇ ಪ್ರಾರ್ಥನೆ ಮಾಡುತ್ತಿದ್ದೆ: ತಾಯೇ, ಈ ಗಂಟನ್ನು ನೀನೇ ಬಿಚ್ಚು.

ಅಂದು ನಾರಳಿ ಹುಣ್ಣಿಮೆ. ವಾಶಿಯ ಮೀನುಗಾರರ ಕೇರಿಯಲ್ಲಿ ಸಮುದ್ರಪೂಜೆ. ಮೀನು ಅನ್ನವಲ್ಲವಲ್ಲ, ಒಂದು ಬಂಗುಡೆಯನ್ನಾದರೂ ತಿಂದಾರು ಎಂಬ ಆಸೆಯಿಂದ ಅಮ್ಮನನ್ನು ಮಳೆಯಲ್ಲೇ ಬಸ್ಸಿನಲ್ಲಿ ಕರೆದೊಯ್ದೆ. ಜೆಟ್ಟಿಯ ಬಳಿ ತಾಡಪತ್ರಿಯ ಕೆಳಗೆ ದೊಡ್ಡ ಪಾತ್ರೆ ಇಟ್ಟುಕೊಂಡು ಕುಳಿತಿದ್ದ ಹೆಂಗಸನ್ನು, "ಮಾವ್ಶಿ, ಫಿಶ್ ಥಾಲಿ ಇದೆಯಾ?" ಎಂದು ಮರಾಠಿಯಲ್ಲಿ ಕೇಳಿದೆ.

ಆಕೆ ನಕ್ಕುಬಿಟ್ಟಳು. "ಆಜ್ ಮಾಸಳಿ? ಕಾಲೇಜ್ ಶಿಕ್ಲೀಸ್ ನಾ ಗ ತೂ?" ಇವತ್ತು ಮೀನೇ, ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ತಮಾಷೆ. ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸುವ ದಿನ ಅಲ್ಲಿ ಯಾರೂ ಮೀನು ಬೇಯಿಸುವುದಿಲ್ಲವಂತೆ. ನನಗೆ ಅಳು ಬಂತು. ಬಂಗಾರದ ಕಾಗದ ಸುತ್ತಿದ ಕಾಯಿ ಬೂದುಬಣ್ಣದ ನೀರಿಗೆ ಬಿತ್ತು. ಪೂಜೆಯ ಡೋಲು ನಿಂತಿತು. ನಾವು ವಾಪಸು ಹೊರಟೆವು.

ಆಕೆ ಹಿಂದಿನಿಂದ ಬಂದು ಅಮ್ಮನ ಅಂಗೈಯಲ್ಲಿ ದೊನ್ನೆಯಿಟ್ಟಳು. ಕಾಯಿ, ಬೆಲ್ಲ ಹಾಕಿದ ಬಿಸಿ ಅನ್ನ.

"ಬೇಡ, ಅವರು ಅನ್ನ ತಿನ್ನುವುದಿಲ್ಲ" ಎಂದೆ.

"ಪ್ರಸಾದ್ ಹೈ. ನಾ ನಹೀ ಬೋಲ್ನೇಕಾ."

ಅಮ್ಮ ತುಂಬ ಹೊತ್ತು ದೊನ್ನೆಯನ್ನೇ ನೋಡಿದರು. ಅದರೊಳಗೆ ಮಳೆಹನಿ ಬೀಳುತ್ತಿತ್ತು.

"ಪ್ರಸಾದಕ್ಕೆ ಬೇಡ ಅನ್ಲಿಕ್ಕೆ ಆಗ್ತದಾ? ದೇವಿಯೇ ಕೊಡ್ತಾ ಇದ್ದಾಳೆ" ಎಂದು ಕಣ್ಣಿಗೊತ್ತಿಕೊಂಡು ತಿಂದರು. ಅಳುತ್ತಲೇ ತಿಂದರು. ಕೊನೆಗೆ, "ಬೆಲ್ಲ ಜಾಸ್ತಿ. ನಿನ್ನ ಅಪ್ಪ ಆಗಿದ್ರೆ ಬೈತಿದ್ರು" ಎಂದರು.

ಅಪ್ಪ ಮರಳಲಿಲ್ಲ. ಮನೆಯ ಮೌನವೂ ಹಾಗೇ ಇದೆ. ಆದರೆ ನಾನು ಮೀನು ಹುಡುಕಿ ಹೋದ ಕಡೆ ದೇವಿ ಅನ್ನವನ್ನೇ ಇಟ್ಟುಕೊಂಡು ಕಾದಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎರಡು ತಿಂಗಳಿಂದ ನನ್ನೊಬ್ಬಳಿಗೆ ಅರ್ಧ ಲೋಟ ಅಕ್ಕಿ ಹಾಕುತ್ತಿದ್ದೆ. ಮರುದಿನ ಬೆಳಿಗ್ಗೆ ದೇವಿಯ ಪಟದ ಮುಂದೆ ದೀಪ ಹಚ್ಚಿ, ಲೋಟ ತುಂಬ ಅಳೆದು ತೊಳೆದು, ಕುಕ್ಕರ್ ಇಟ್ಟೆ.