ಹಂದಿಯ ತಲೆ ಹೋದ ಮನೆ

ಪುತ್ತೂರಿನ ಕೋರ್ಟಿನಲ್ಲಿ ಕಪ್ಪು ಕೋಟು ಹಾಕಿದ ಮೊದಲ ವರ್ಷಗಳಲ್ಲಿ, ನನಗಿಂತ ತಿಳಿದವರು ಇಲ್ಲ ಎಂದೇ ನಾನು ನಂಬಿದ್ದೆ. ವಕೀಲರನ್ನು ಇಟ್ಟುಕೊಳ್ಳಲು ಗತಿ ಇಲ್ಲದವರಿಗೆ ಸರ್ಕಾರ ಕೊಡುವ ವಕೀಲ ನಾನು. ಹಾಗೆ ನನ್ನ ಪಾಲಿಗೆ ಬಂದದ್ದು ಪೆರಾಬೆ ಕಡೆಯ ರಬ್ಬರ್ ಮರದ ಹಾಲು ತೆಗೆಯುವ ಒಬ್ಬ ಟ್ಯಾಪರನ ಕೇಸು.

ತೋಟಕ್ಕೆ ನುಗ್ಗಿದ ಕಾಡುಹಂದಿಗಳನ್ನು ಅಟ್ಟಲು ಹೋದಾಗ ಗುಂಡೊಂದು ಅವನ ಗೆಳೆಯನ ಮೊಣಕಾಲಿಗೆ ತಾಗಿತ್ತು. ಕೋವಿಯ ಲೈಸೆನ್ಸ್ ತೋಟದ ಧಣಿಗಳ ಹೆಸರಿನಲ್ಲಿತ್ತು. ಟ್ಯಾಪರ್ ಹೇಳದೆ ಕೇಳದೆ ಕೋವಿ ಎತ್ತಿಕೊಂಡು ಹೋದ ಎಂದು ಧಣಿಗಳು ಹೇಳಿದರು, ಪೊಲೀಸರು ಬರೆದುಕೊಂಡರು. ಟ್ಯಾಪರ್, ಗಾಯಾಳು ಇಬ್ಬರೂ ದಲಿತರು. ಅವರ ಕೈಗೆ ಸಿಗುತ್ತಿದ್ದುದು ದೊಣ್ಣೆ ಮಾತ್ರ, ಕೋವಿ ಮುಟ್ಟಲು ಬಿಟ್ಟವರೇ ಇಲ್ಲ. ಇದು ಊರಿಗೆಲ್ಲ ಗೊತ್ತು. ಸಾಕ್ಷಿ ಹೇಳಲು ಮಾತ್ರ ಒಬ್ಬರೂ ಬರಲಿಲ್ಲ. ಶಿಕ್ಷೆಯಾದರೆ ಅವನಿಗೆ ವರ್ಷಗಟ್ಟಲೆ ಜೈಲು.

ಗಾಯಾಳುವಿನ ಸಾಕ್ಷಿ ಇದ್ದ ದಿನ ಓಡುತ್ತಾ ಬಂದೆ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೊಡ, ಸುತ್ತಿದ ಚಾಪೆ, ಬುಟ್ಟಿಯಲ್ಲೊಂದು ಕೋಳಿ ಇಟ್ಟುಕೊಂಡು ಕೂತಿದ್ದಳು.

"ಇದು ಕೋರ್ಟಾ, ಸಂತೆಯಾ? ದಾರಿ ಬಿಡಿ ಮಾರಾಯ್ರೆ!" ಎಂದು ರೇಗಿದೆ. ಅವಳು ಎಲ್ಲವನ್ನೂ ಬದಿಗೆ ಎಳೆದುಕೊಂಡಳು.

ಒಳಗೆ, ಜಾಮೀನಿನ ಮೇಲಿದ್ದ ಟ್ಯಾಪರ್ ನನ್ನ ಕಿವಿಯ ಹತ್ತಿರ ಬಂದು, "ಹಂದಿಯ ತಲೆ ಯಾರ ಮನೆಗೆ ಹೋಯ್ತು ಅಂತ ಅವನತ್ರ ಕೇಳಿ ಸಾರ್" ಎಂದ.

"ಇದು ಕೋರ್ಟು, ಮಾಂಸದ ಅಂಗಡಿ ಅಲ್ಲ" ಎಂದೆ. ಅಷ್ಟಿತ್ತು ನನ್ನ ಬುದ್ಧಿ.

ಗಾಯಾಳು ಕುಂಟುತ್ತಾ ಕಟಕಟೆ ಹತ್ತಿದ. "ಗುಂಡು ಹಿಂದಿನಿಂದ ಬಂತು. ಹೊಡೆದದ್ದು ಯಾರು ಅಂತ ನಾನು ನೋಡಲಿಲ್ಲ" ಎಂದ. ಅದು ನಿಜವೇ, ಆದರೆ ನನ್ನ ಕಕ್ಷಿಗಾರನನ್ನು ಉಳಿಸಲು ಸಾಲದು. ನನ್ನ ಸರದಿ ಬಂದಾಗ ಕೈಯಲ್ಲಿ ಬೇರೇನೂ ಇರಲಿಲ್ಲ. ಮುಜುಗರಪಡುತ್ತಲೇ ಹಂದಿಯ ತಲೆಯ ವಿಷಯ ಕೇಳಿದೆ.

ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು. "ಅದಕ್ಕೂ ಇದಕ್ಕೂ ಏನು ಸಂಬಂಧ?"

"ಉಂಟು ಸ್ವಾಮಿ" ಎಂದ ಗಾಯಾಳು. "ಆ ದಿನ ಕೋವಿ ಇದ್ದದ್ದು ಒಂದೇ. ಮೊದಲ ಗುಂಡಿಗೆ ಹಂದಿ ಬಿತ್ತು, ಎರಡನೆಯದಕ್ಕೆ ನಾನು. ನಮ್ಮಲ್ಲಿ ತಲೆ ಯಾವತ್ತೂ ಗುಂಡು ಹೊಡೆದವರಿಗೆ. ಅಟ್ಟಿದವರಿಗೆ ಸಿಗುದು ಎಲುಬು. ನನ್ನನ್ನು ಜೀಪಿಗೆ ಹಾಕುವ ಮೊದಲೇ ತಲೆ ಹೋಗಿ ಆಗಿತ್ತು."

"ಯಾರ ಮನೆಗೆ?" ಎಂದು ನ್ಯಾಯಾಧೀಶರೇ ಕೇಳಿದರು.

ತಮ್ಮ ಸಾಕ್ಷಿ ಮುಗಿಸಿದ್ದ ಧಣಿಗಳು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಗಾಯಾಳು ಅವರನ್ನೇ ನೋಡಿದ. ಅವನ ಗುಡಿಸಲು ಇದ್ದುದು ಅವರ ಜಾಗದಲ್ಲಿ, ಅವನ ಕೂಲಿ ಅವರ ತೋಟದಲ್ಲಿ.

"ಇವರ ಮನೆಗೆ" ಎಂದ.

ಓದಿದ ಕಾನೂನೆಲ್ಲ ಆ ಎರಡು ಪದಗಳ ಮುಂದೆ ಸಣ್ಣದಾಯಿತು. ಧೈರ್ಯ ಎಂದರೆ ಎದೆ ಸೆಟೆಸಿ ಕೂಗುವುದು ಎಂದುಕೊಂಡಿದ್ದೆ. ಅವನು ಕಟಕಟೆಯ ಮರವನ್ನು ಹಿಡಿದುಕೊಂಡು ಮೆಲ್ಲಗೆ ಹೇಳಿದ್ದ.

ಮುಂದೆ ಟ್ಯಾಪರನಿಗೆ ಕೇಸಿನಿಂದ ಬಿಡುಗಡೆಯಾಯಿತು. ಧಣಿಗಳ ಮೇಲೆ ಕ್ರಮ ಕೈಗೊಳ್ಳಬೇಕೆಂದು ನಾವು ಕೊಟ್ಟ ಅರ್ಜಿ ಮಾತ್ರ ಇನ್ನೂ ಫೈಲಿನಲ್ಲಿಯೇ ಇದೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ಮಧ್ಯಾಹ್ನ. ಹೊರಗೆ ಬಂದರೆ ಗಾಯಾಳು ಮೆಟ್ಟಿಲ ಮೇಲಿನ ಅದೇ ಹೆಂಗಸಿನ ಪಕ್ಕ ಕೂತಿದ್ದ. ಅವಳು ಅವನ ಹೆಂಡತಿ.

"ಇದೆಲ್ಲ ಎಂತ?" ಎಂದು ಕೇಳಿದೆ.

"ಸತ್ಯ ಹೇಳಿದ ಮೇಲೆ ಅವರ ಜಾಗದಲ್ಲಿ ನಿಲ್ಲಲಿಕ್ಕೆ ಆಗುದಿಲ್ಲವಲ್ಲ ಸಾರ್. ಬೆಳಿಗ್ಗೆಯೇ ಮನೆ ಖಾಲಿ ಮಾಡಿ ಬಂದೆವು. ಈಶ್ವರಮಂಗಲದಲ್ಲಿ ಇವಳ ಅಣ್ಣ ಇದ್ದಾನೆ."

"ನಾನು ಆ ಪ್ರಶ್ನೆ ಕೇಳದಿದ್ದರೆ?"

"ನಾನೇ ಹೇಳುವವ ಇದ್ದೆ."

ಟ್ಯಾಪರ್ ಕೊಡವನ್ನು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಟ. ನಾನು ಬಗ್ಗಿ ಕೋಳಿಯ ಬುಟ್ಟಿ ಎತ್ತಿಕೊಂಡೆ.

"ಬೇಡ ಸಾರ್, ಕೋಟಿಗೆ ಮಣ್ಣಾಗ್ತದೆ" ಎಂದಳು ಅವಳು.

ಆಗಲಿ ಎಂದೆ.