ಬಾಡು ತಿನ್ನದ ಬೀಗರು

ನಮ್ಮ ಹೊಣಕೆರೆಯ ಒಕ್ಕಲು ಮನೆಗಳಲ್ಲಿ ಬಾಡು ತಿನ್ನದವನು ಹೊನ್ನಪ್ಪ ಒಬ್ಬನೇ. ದೀಕ್ಷೆಯಿಲ್ಲ, ಹರಕೆಯಿಲ್ಲ. ಯಾಕೆಂದು ಕೇಳಿದರೆ ಬೇಡ ಅನ್ನಿಸುತ್ತೆ ಅನ್ನುತ್ತಿದ್ದ, ಅಷ್ಟೇ. ಹಾಗಂತ ಮಾರಿಹಬ್ಬದಲ್ಲಿ ಮೂಗು ಮುಚ್ಚಿಕೊಂಡು ಓಡುವವನಲ್ಲ. ಈರುಳ್ಳಿ ಹೆಚ್ಚಿ, ಒಲೆಯ ಉರಿ ನೋಡಿ, ನಮಗೆಲ್ಲ ಸೌಟು ತುಂಬ ಬಡಿಸಿ, ಕೊನೆಗೆ ತಾನು ಸೊಪ್ಪಿನ ಸಾರಲ್ಲಿ ಮುದ್ದೆ ನುಂಗಿ ಏಳುತ್ತಿದ್ದ. ನಾವು ಮಾತ್ರ ಅವನನ್ನು ಸುಮ್ಮನೆ ಬಿಟ್ಟವರಲ್ಲ. ಅವನ ಮುದ್ದೆಯ ಕೆಳಗೆ ಮೂಳೆ ಬಚ್ಚಿಟ್ಟು ನಕ್ಕವರಲ್ಲಿ ನಾನೂ ಒಬ್ಬ. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತೊಂಬತ್ತನಾಲ್ಕರಲ್ಲಿ ಹೊನ್ನಪ್ಪ ಮಗಳು ದಿವ್ಯಳನ್ನು ಮಾಕವಳ್ಳಿಯ ಚಿಕ್ಕಸ್ವಾಮಿಯವರ ಮಗನಿಗೆ ಕೊಟ್ಟ. ಮದುವೆಯಾದ ಮೂರನೇ ದಿನ ಗಂಡಿನ ಮನೆಯಲ್ಲಿ ಬೀಗರೂಟ. ನಮ್ಮ ಕಡೆ ಬೀಗರೂಟವೆಂದರೆ ಬಾಡೂಟವೇ. ಹೆಣ್ಣಿನ ತಂದೆ ಮೊದಲ ತುತ್ತು ಎತ್ತುವ ತನಕ ಪಂಕ್ತಿಯಲ್ಲಿ ಯಾರೂ ಎಲೆಗೆ ಕೈ ಹಾಕುವ ಹಾಗಿಲ್ಲ. ಬೀಗರು ಬಡಿಸಿದ್ದನ್ನು ಆತ ಮುಟ್ಟದಿದ್ದರೆ ಅವಮಾನ. ಆಮೇಲೆ ವರ್ಷಗಟ್ಟಲೆ ಮಾತು ಕೇಳಬೇಕಾದವಳು ಮಗಳು. ಹೆಂಡತಿ ಪುಟ್ಟಗೌರಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಅತ್ತಳು. ಒಂದು ತುಂಡು ತಿನ್ನುತ್ತೇನೆ ಎಂದು ಹೊನ್ನಪ್ಪ ಒಪ್ಪಿಕೊಂಡ. ಒಳ್ಳೆಯದಾಯಿತು ಅಂತ ಹಿಂದಿನ ಸೀಟಿನಲ್ಲಿದ್ದ ನಾನೂ ಅಂದೆ.

ಚಪ್ಪರದಡಿ ಎಂಬತ್ತು ಎಲೆ ಬಿದ್ದವು. ಚಿಕ್ಕಸ್ವಾಮಿ ಹೊನ್ನಪ್ಪನ ಪಕ್ಕದಲ್ಲೇ ಕೂತರು. ಮೊದಲ ಸುತ್ತು ಬಡಿಸಬೇಕಾದವಳು ಹೊಸ ಸೊಸೆ. ದಿವ್ಯ ಸಾರಿನ ಬಕೆಟ್ಟು ಹಿಡಿದು ಬಂದು, ಮಾವನ ಎಲೆಗೆ ಬಾಡು ಬಡಿಸಿ, ಅಪ್ಪನ ಎಲೆ ದಾಟಿ ಮುಂದೆ ಹೋದಳು. ಪಂಕ್ತಿಯವರೆಲ್ಲ ಅತ್ತ ತಿರುಗಿದರು.

"ನಂಗೂ ಆಕವ್ವ," ಎಂದ ಹೊನ್ನಪ್ಪ ಮೆಲ್ಲಗೆ. ಎಲೆಯನ್ನು ಅವಳತ್ತ ಸರಿಸಿದ.

"ಅಪ್ಪ ಬಾಡು ತಿನ್ನಾಕಿಲ್ಲ ಮಾವ," ಎಂದಳು ದಿವ್ಯ. "ನನ್ನ ಮಕ ನೋಡ್ಕೊಂಡು ಇವತ್ತು ತಿನ್ನಕ್ಕೆ ಕುಂತವ್ರೆ. ಅಂಗೆ ತಿನ್ನಿಸಿ ನಾನು ಈ ಮನೇಲಿ ಬಾಳೋದು ಬ್ಯಾಡ."

ಪುಟ್ಟಗೌರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮುಗಿಯಿತು ಕಥೆ ಅಂದುಕೊಂಡೆ ನಾನು. ಮುಖ ಕೆಂಪಗಾಗಿದ್ದ ಚಿಕ್ಕಸ್ವಾಮಿ ಹೊನ್ನಪ್ಪನತ್ತ ತಿರುಗಿ, ಹರಕೆ ಗಿರಕೆ ಏನಾದರೂ ಇದೆಯಾ ಎಂದು ಕೇಳಿದರು. ಹೊನ್ನಪ್ಪ ಇಲ್ಲವೆಂದು ತಲೆಯಾಡಿಸಿದ. ಚಿಕ್ಕಂದಿನಿಂದಲೂ ಬೇಡ ಅನ್ನಿಸುತ್ತೆ ಎಂದ.

ಚಿಕ್ಕಸ್ವಾಮಿ ಅವನ ಖಾಲಿ ಎಲೆ ನೋಡಿದರು.

"ಬ್ಯಾಡ ಅಂದ್ಮೇಲೆ ಬ್ಯಾಡ. ಮೊದ್ಲೇ ಯೋಳ್ಬಾರ್ದಿತ್ತಾ ಬೀಗರೇ."

ಅಷ್ಟು ಹೇಳಿ, ಮೊಸರನ್ನ ಕಲಸಿ ತರುವಂತೆ ಹೆಂಡತಿಯನ್ನು ಕೂಗಿದರು. ಅನ್ನ ಬರುವುದು ತಡವಾಯಿತು. ಅಷ್ಟರಲ್ಲಿ ದಿವ್ಯ ಉಳಿದ ಎಲೆಗಳಿಗೆ ಬಡಿಸಿದ್ದ ಬಾಡು ಆರುತ್ತಿತ್ತು. ನಾನು ಹಸಿವು ತಡೆಯಲಾರದೆ ಕೈ ಚಾಚಿದೆ. ಚಿಕ್ಕಸ್ವಾಮಿ ದುರುಗುಟ್ಟಿ ನೋಡಿದ ರೀತಿಗೆ ಹಿಂದಕ್ಕೆಳೆದುಕೊಂಡೆ.

ಹೊನ್ನಪ್ಪ ಕಣ್ಣೊರೆಸಿಕೊಂಡು ಮೊಸರನ್ನದ ತುತ್ತು ಎತ್ತಿದ. ಆಮೇಲೆಯೇ ನಾವೆಲ್ಲ ಊಟಕ್ಕೆ ಕೈ ಹಾಕಿದೆವು.