ಗುಂಡ್ಲುಪೇಟೆಯಿಂದ ತೂತಾಗಿ ಬರುತ್ತಿದ್ದ ಹಾಳೆ

ಚಾಮರಾಜನಗರಕ್ಕೆ ಬಂದ ಮೊದಲ ವಾರದಲ್ಲೇ ಬಸ್ ನಿಲ್ದಾಣದ ಹೋಟೆಲಿನಲ್ಲಿ ಗೊತ್ತಿಲ್ಲದ ಒಬ್ಬ ಮನುಷ್ಯ ನನ್ನ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಧಾರವಾಡದಿಂದ ಅಪ್ಪ ಅಂಚೆಯಲ್ಲಿ ಕಳಿಸಿದ್ದ ಪತ್ರಿಕೆ ಅದು. ಅದಕ್ಕೆ ಸುತ್ತಿದ್ದ ಕಾಗದದ ಮೇಲೆ ಅಪ್ಪನ ಅಕ್ಷರದಲ್ಲಿ ನನ್ನ ಹೆಸರಿತ್ತು, ಅದೀಗ ಮೇಜಿನ ಮೇಲೆ ಕಾಫಿ ಲೋಟದ ಅಡಿಯಲ್ಲಿ ಒದ್ದೆಯಾಗಿತ್ತು. ಸುತ್ತಲೂ ಜನ ಕೂತು ನಮ್ಮ ಕಡೆಯ ಸುದ್ದಿಯನ್ನು ತಮ್ಮದೇ ಸುದ್ದಿ ಎಂಬಂತೆ ಕೇಳುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ.

"ಬನ್ನಿ ಸೋಮಿ, ಕೂತ್ಕಳಿ," ಎಂದ ಆತ. "ನಿಮ್ದೇ ಪೇಪರ್ರು. ಇನ್ನೊಂದ್ ಪುಟ ಅದೆ, ಮುಗಿಸ್ಬುಟ್ಟು ಕೊಟ್ಬುಡ್ತೀನಿ."

"ನಿಮ್ಮ ಕೈಗೆ ಹ್ಯಾಂಗ ಬಂತ್ರೀ ಇದು?"

"ನೀವು ದಿನಾ ಸಾಯಂಕಾಲ ಇಲ್ಗೇ ಬರ್ತೀರಂತೆ, ಅದ್ಕೆ ಪೋಸ್ಟ್ನೋರು ಇಲ್ಲೇ ಕೊಟ್ಟೋದ್ರು. ಸುಮ್ನೆ ಮಡುಗೋ ಬದ್ಲು ಓದನ ಅಂತ."

ಎಲ್ಲರೂ ನಕ್ಕರು. ನಾನು ಪತ್ರಿಕೆಯನ್ನು ಕಿತ್ತುಕೊಂಡು ಹೊರಗೆ ಬಂದೆ. ಧಾರವಾಡದಲ್ಲಿ ನೆರೆಮನೆಯವರ ಪತ್ರಿಕೆ ಬೇಕಾದರೆ ಬಾಗಿಲಲ್ಲಿ ನಿಂತು ಕೇಳುತ್ತೇವೆ, ಮಡಿಕೆ ಕೆಡದಂತೆ ವಾಪಸು ಕೊಡುತ್ತೇವೆ. ಇಲ್ಲಿ ಒಬ್ಬನ ಹೆಸರಿಗೆ ಬಂದದ್ದನ್ನು ಊರೇ ಬಿಚ್ಚುತ್ತದೆ. ಈ ಜನರ ನಡುವೆ ಮೈಯೆಲ್ಲ ಕಣ್ಣಾಗಿರಬೇಕು ಎಂದು ಅಂದೇ ತೀರ್ಮಾನಿಸಿದೆ. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು. ಅದನ್ನು ಹೇಳುವುದಕ್ಕಾಗಿಯೇ, ಈ ವಯಸ್ಸಿನಲ್ಲಿ, ನನ್ನ ಊರಿನ ಕಡೆಯ ಓದುಗರಾದ ನಿಮಗೆ ಇದನ್ನು ಬರೆಯುತ್ತಿದ್ದೇನೆ.

ಅವು ಐವತ್ತರ ದಶಕದ ಮೊದಲ ವರ್ಷಗಳು. ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಚಾಮರಾಜನಗರ ಮೈಸೂರಿನಲ್ಲಿ. ಭಾಷೆ ಒಂದೇ ಆದರೂ ನಾನು ಪರದೇಶಿಯೇ. ಹೈಸ್ಕೂಲು ಮುಗಿಸಿದ್ದೆ, ಮುಂದೆ ಓದಿಸುವ ಶಕ್ತಿ ಮನೆಯಲ್ಲಿರಲಿಲ್ಲ. ನಮ್ಮ ಕಡೆಯ ಒಬ್ಬ ಮರದ ಕಂಟ್ರಾಕ್ಟರರು ಪುಣಜನೂರು ಕಾಡಿನ ಮರದ ಗುತ್ತಿಗೆ ಹಿಡಿದಿದ್ದರು. ಅವರ ಡಿಪೋದಲ್ಲಿ ಗುಮಾಸ್ತನಾಗಿ ಬಂದೆ.

ಮನೆ ಸಿಕ್ಕಿದ್ದು ತಗಡಿನ ಟ್ರಂಕು ಮಾಡುವ ಒಬ್ಬ ಸಾಬರ ಹಿತ್ತಲ ಕೋಣೆಯಲ್ಲಿ. ಅವರ ಮಗ ಖಾದರ್ ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಅಪ್ಪಟ ಚಾಮರಾಜನಗರದ ಕನ್ನಡ. ಖಾದರನ ತಾಯಿ ಬಾಗಿಲಲ್ಲಿ ತಟ್ಟೆ ಇಟ್ಟು ಹೋದರೆ, ಬಾಡಿಗೆ ಏರಿಸುವ ಉಪಾಯವೇನೋ ಎಂದು ನಾನು ಯೋಚಿಸುತ್ತಿದ್ದೆ. ಬಾಡಿಗೆ ಏರಲೇ ಇಲ್ಲ. ಆಗ, ಇದರ ಹಿಂದೆ ಬೇರೆ ಏನಿದೆಯೋ ಎಂದು ಯೋಚಿಸಿದೆ.

ಜೋಳದ ಹಿಟ್ಟು ಇಡೀ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ರಾಗಿ ಮುದ್ದೆ, ಉಪ್ಸಾರು. ಉಪ್ಸಾರು ಎಂದರೆ ಕಾಳು ಸೊಪ್ಪು ಬೇಯಿಸಿ ಬಸಿದ ನೀರು, ಪಕ್ಕದಲ್ಲಿ ಅರೆದ ಖಾರ. ಖಾರವನ್ನು ಬೇಕಾದಷ್ಟೇ ಕಲಸಿಕೊಳ್ಳಬೇಕು. ನಾನು ಮೊದಲ ದಿನ ಎಲ್ಲವನ್ನೂ ಒಟ್ಟಿಗೆ ಕಲಸಿ ಕಣ್ಣಲ್ಲಿ ನೀರು ತಂದುಕೊಂಡೆ. ಇಲ್ಲಿ ‘ಸ್ವಲ್ಪ’ಕ್ಕೆ ‘ವಸಿ’ ಎನ್ನುತ್ತಾರೆ. ಒಂದು ದಿನ ಅಂಗಡಿಯಲ್ಲಿ "ವಸಿ ಬೆಲ್ಲ ಕೊಡಿ" ಎಂದೆ. ಅಂಗಡಿಯವನು ತಲೆಯೆತ್ತದೆ ಬೆಲ್ಲ ಒಡೆದುಕೊಟ್ಟ. ಆ ದಿನ ಕೋಣೆಗೆ ಗೆದ್ದವನ ಹಾಗೆ ನಡೆದುಬಂದೆ. ರಾತ್ರಿ ಮಾತ್ರ, ಅವನು ನಗು ತಡೆಯಲಿಕ್ಕೇ ತಲೆ ತಗ್ಗಿಸಿದ್ದನೇನೋ ಅನಿಸಿತು.

ಈ ಸೀಮೆಯಿಂದ ಬಿ.ಎ., ಬಿ.ಎಸ್ಸಿ. ಮುಗಿಸಿ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದವರು, ಓದಬೇಕೆಂದು ದಾರಿ ಕಾಯುತ್ತಿದ್ದವರು ಸೇರಿ ಒಂದು ಬಳಗ ಮಾಡಿಕೊಂಡಿದ್ದರು. ಶನಿವಾರ ರೈಲಿನಲ್ಲಿ ಊರಿಗೆ ಬರುವಾಗ ಆ ವಾರದ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದರು: ಪರೀಕ್ಷೆಯ ಶುಲ್ಕ ಕಟ್ಟುವ ದಿನ, ಯಾರ ಕೋಣೆಯಲ್ಲಿ ಇನ್ನೊಬ್ಬರಿಗೆ ಜಾಗವಿದೆ, ಯಾವ ಹಳೆಯ ಪುಸ್ತಕ ಯಾರ ಬಳಿ ಇದೆ, ಎಲ್ಲಿ ಟ್ಯೂಟರ್ ಕೆಲಸ ಖಾಲಿ, ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದಿದ್ದಾರೆ. ಇದನ್ನೆಲ್ಲ ದೊಡ್ಡ ಹಾಳೆಯ ಮೇಲೆ ಬರೆದು ವಾಚನಾಲಯದ ಗೋಡೆಗೆ ಅಂಟಿಸುವುದು. ಡಿಪೋದ ಬೋರ್ಡಿನಲ್ಲಿ ನನ್ನ ಅಕ್ಷರ ನೋಡಿ ಆ ಕೆಲಸವನ್ನು ನನಗೆ ಕೊಟ್ಟರು.

ನಾನು ಎರಡು ಪ್ರತಿ ಬರೆಯುತ್ತಿದ್ದೆ. ಒಂದು ಇಲ್ಲಿಗೆ. ಇನ್ನೊಂದನ್ನು ಖಾದರ್ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಒಯ್ಯುತ್ತಿದ್ದ. ಅಲ್ಲಿ ಒಬ್ಬ ಮಲಯಾಳಿ ಕಾಕಾನ ಚಹಾದಂಗಡಿಯ ಗೋಡೆಗೆ ಅದನ್ನು ಅಂಟಿಸುವವನು ಮಾದಪ್ಪ, ಎಂ.ಎ. ಮೊದಲ ವರ್ಷದ ಹುಡುಗ, ಮಾತುಗಾರ. ಕಾಗದಕ್ಕೆ ಬರವಿದ್ದುದರಿಂದ ಹಳೆಯ ಹಾಳೆ ಮುಂದಿನ ವಾರ ವಾಪಸು ಬರುತ್ತಿತ್ತು. ಅದರ ಹಿಂಬದಿಯಲ್ಲಿ ನಾನು ಕರಡು ಬರೆಯುತ್ತಿದ್ದೆ.

ಒಂದು ಮಾತು ಮುಚ್ಚಿಡುವುದಿಲ್ಲ. ಹೈಸ್ಕೂಲಿನಲ್ಲೇ ನಿಂತುಹೋದವನು ನಾನು. ನನಗೆಂದೂ ತೆರೆಯದ ಬಾಗಿಲುಗಳ ಹೆಸರನ್ನು ವಾರವಾರ ದುಂಡಗೆ, ಅಂದವಾಗಿ ನನ್ನ ಕೈಯಿಂದಲೇ ಬರೆಯಬೇಕಿತ್ತು. ಶನಿವಾರ ಸಂಜೆ ಅವರು ಗೋಡೆಯ ಮುಂದೆ ಗುಂಪುಗೂಡಿ ಓದಿ ನಗುತ್ತಿದ್ದರೆ, ನನ್ನ ಧಾರವಾಡದ ಮಾತನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ.

ಗುಂಡ್ಲುಪೇಟೆಯಿಂದ ಬರುವ ಹಾಳೆಗಳಲ್ಲಿ ತೂತುಗಳಿದ್ದವು. ಹರಿದದ್ದಲ್ಲ, ಬ್ಲೇಡಿನಿಂದ ನೀಟಾಗಿ ಕೊಯ್ದದ್ದು. ಸುದ್ದಿಯ ಭಾಗ ಹಾಗೇ ಇರುತ್ತಿತ್ತು. ‘ಅವಕಾಶಗಳು’ ಎಂದು ನಾನು ಬರೆದ ತಲೆಬರಹದ ಕೆಳಗೆ ಮಾತ್ರ ಕಿಟಕಿ ತೆರೆದ ಹಾಗೆ ಖಾಲಿ. ಅಂಟಿಸುವವನು ಮಾದಪ್ಪ. ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಒಳ್ಳೆಯದನ್ನೆಲ್ಲ ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದೆ. ಖಾದರನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಏಕೆಂದರೆ ಅವನ ಮೇಲೂ ನನಗೆ ಅನುಮಾನವಿತ್ತು.

ಒಂದು ಶನಿವಾರ ಮಾದಪ್ಪನನ್ನೇ ಕೆಣಕಿ ನೋಡಿದೆ. "ಏನ್ರೀ ಮಾದಪ್ಪ, ಹಾಳಿ ಎಲ್ಲಾರೂ ಓದತಾರೇನು ನಿಮ್ಮ ಊರಾಗ?"

"ಓದ್ದೆ ಬುಡ್ತಾರಾ? ನಿಮ್ ಹಾಳೆಗೆ ಕಾಯ್ಕಂಡ್ ಕೂತಿರ್ತಾರೆ ಕಣ್ರೀ ಧಾರ್ವಾಡ," ಎಂದು ನನ್ನ ಬೆನ್ನ ಮೇಲೆ ಕೈಹಾಕಿ ನಕ್ಕ. "ಕಾಕಾ ಅಂತೂ ಇದ್ರಿಂದ್ಲೇ ವ್ಯಾಪಾರ ಅಂತಾನೆ."

ಆ ನಗುವಿನಲ್ಲಿ ನನಗೆ ಕಂಡದ್ದು ಕಳ್ಳ. ಅವನನ್ನು ಎಲ್ಲರೆದುರು ಹಿಡಿಯಬೇಕೆಂದು, ಗುಂಡ್ಲುಪೇಟೆಯ ಪ್ರತಿಯಲ್ಲಿ ಮಾತ್ರ ಒಂದು ಸುಳ್ಳು ಪ್ರಕಟಣೆ ಸೇರಿಸಿದೆ. ಎಂ.ಎ. ಓದುವ ಒಬ್ಬರಿಗೆ ಒಬ್ಬ ದೊಡ್ಡ ಮನುಷ್ಯರು ಪೂರ್ತಿ ಖರ್ಚು ಕೊಡುತ್ತಾರೆ, ಊಟ ವಸತಿ ಸೇರಿ. ಮುಂದಿನ ಭಾನುವಾರ ಚಾಮರಾಜನಗರದ ವಾಚನಾಲಯಕ್ಕೆ ಖುದ್ದಾಗಿ ಬರಬೇಕು. ಮಾದಪ್ಪ ಒಬ್ಬನೇ ಬರುತ್ತಾನೆ, ಉಳಿದವರಿಗೇಕೆ ಗೊತ್ತಾಗಲಿಲ್ಲ ಎಂದು ಆಗ ಕೇಳುತ್ತೇನೆ. ಇದು ನನ್ನ ಉಪಾಯ.

ಭಾನುವಾರ ಒಗೆದ ಅಂಗಿ ಹಾಕಿಕೊಂಡು ವಾಚನಾಲಯದ ಮೇಜಿನ ಹಿಂದೆ ಕೂತೆ. ಬಳಗದವರು ಇನ್ನೂ ಬಂದು ಸೇರಿರಲಿಲ್ಲ. ಗುಂಡ್ಲುಪೇಟೆಯ ಮೊದಲ ಬಸ್ಸಿಗೆ ಯಾರೂ ಬರಲಿಲ್ಲ. ಎರಡನೆಯ ಬಸ್ಸು ಬಂದ ಮೇಲೆ ಬಾಗಿಲಲ್ಲಿ ಒಬ್ಬಳು ಹುಡುಗಿ ಕಂಡಳು. ಹಿಂದೆ ಕಂಬಳಿ ಹೊದ್ದ, ವಯಸ್ಸಾದ ರೈತ. ಅವಳ ಕೈಯಲ್ಲಿ ನನ್ನ ಅಕ್ಷರವಿದ್ದ ಚೀಟಿ.

ಅವಳ ಹೆಸರು ಪುಟ್ಟತಾಯಿ, ಗುಂಡ್ಲುಪೇಟೆಯಾಚೆಯ ಹಂಗಳದವಳು. ಮೈಸೂರಿನಲ್ಲಿ ಬಿ.ಎ. ಮಾಡಿ ಎಂ.ಎ.ಗೆ ಸೇರಿದ್ದಳು. ಖರ್ಚು ಕೈಮೀರಿದಾಗ ಅಪ್ಪ ಬಿಡಿಸಿ ಕರೆದುಕೊಂಡು ಬಂದಿದ್ದರು. ಇದನ್ನೆಲ್ಲ ಅಪ್ಪನೇ, ನಾನು ಕೇಳದೆ ಹೇಳಿದರು.

"ಅನ್ನ ಬಟ್ಟೆ ಕೊಟ್ಟು ಓದಿಸ್ತಾರೆ ಅಂದ್ರೆ ಓಗ್ಲಿ ಸೋಮಿ, ನಾನ್ಯಾಕ್ ಅಡ್ಡ ಬರ್ಲಿ? ಇಲ್ದಿದ್ರೆ ಪುಣಜನೂರಲ್ಲಿ ಒಂದ್ ಗಂಡು ನೋಡೀವ್ನಿ. ಇವತ್ತು ಎರಡ್ರಲ್ಲಿ ಒಂದಾಗ್ಬುಡ್ಲಿ ಅಂತ ಇವ್ಳ್ಗೂ ಏಳೀವ್ನಿ."

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ಬಾಯಿಬಿಟ್ಟು ನಿಜ ಹೇಳಿದ್ದರೆ, ಬಳಗದವರು ನನ್ನನ್ನು ಉಗಿದು ಓಡಿಸುತ್ತಿದ್ದರು, ಅಷ್ಟೇ. ಅವಳಿಗಾಗಿ ಅವರೇ ಬೇರೆ ಏನಾದರೂ ಹುಡುಕುತ್ತಿದ್ದರೋ ಏನೋ. ನನ್ನ ಬಾಯಿಂದ ಬಂದದ್ದು ಬೇರೆ.

"ತಡ ಆತಲ್ರೀ. ಮುಂಜಾನೆ ಬಂದವರಿಗೆ ಕೊಟ್ಟಾತು."

ಅಪ್ಪ ಮಗಳ ಕಡೆ ತಿರುಗಿದರು. "ನೋಡ್ದಾ ಕಣಮ್ಮಿ? ಬಡ್ಕಂಡೆ, ಮೊದಲ್ನೇ ಬಸ್ಸಿಗೆ ಓಗನ ನಡಿ ಅಂತ. ಪ್ರಶ್ನೆ ಕೇಳ್ತಾರೆ, ಇನ್ನೊಂದ್ಸಲ ನೋಡ್ಕತೀನಿ ಅಂತ ಪುಸ್ತ್ಕ ಇಡ್ಕಂಡ್ ಕೂತ್ಕಂಡೆ. ಬಸ್ಸು ನಿನ್ಗೆ ಕಾಯ್ತದಾ?"

ಅವಳು ಕೈಯಲ್ಲಿದ್ದ ಚೀಟಿಯನ್ನು ಮಡಿಸಿದಳು. "ಯಾರ್ಗೆ ಸಿಕ್ತು ಸಾರ್?" ಎಂದು ನನ್ನನ್ನು ಕೇಳಿದಳು.

"ನಂಜನಗೂಡ ಕಡೆ ಹುಡುಗಗ."

"ಒಳ್ಳೇದಾಯ್ತು ಬುಡಿ. ಅವ್ರಾದ್ರೂ ಓದ್ಲಿ."

ಮುಂದಿನ ಶನಿವಾರ ಮಾದಪ್ಪ ರೈಲಿಳಿದವನೇ ನನ್ನ ಬಳಿ ಓಡಿಬಂದ. "ಪುಟ್ಟತಾಯಿಗೆ ತಪ್ಪೋಯ್ತಂತಲ್ಲ ಕಣ್ರೀ! ಥೂ, ಎಂತಾ ಕೆಲ್ಸ ಆಗೋಯ್ತು."

"ಆ ಚೀಟಿ ಆಕಿಗೆ ಹ್ಯಾಂಗ ಹೋತು?"

"ನಾವೇ ಕಳಿಸಿದ್ದು. ನಿಮ್ಗೆ ಗೊತ್ತಿಲ್ವಾ? ಹಾಳೆ ಬಂದ್ ತಕ್ಷಣ ಕಾಕಾನ ಬೆಂಚ್ ಮೇಲೆ ಎಲ್ರೂ ಕೂತ್ಕಂಡು ಓದ್ತೀವಿ. ಯಾವ್ದು ಯಾರ್ಗೆ ಸರೋಯ್ತದೆ, ಯಾರ್ಗೆ ಅವಸರ ಅದೆ ಅಂತ ಮಾತಾಡ್ಕತೀವಿ. ಆಮೇಲೆ ಕತ್ತರ್ಸಿ ಅವ್ರೂರಿನ ಬಸ್ಸಿಗೆ ಕೊಟ್ಬುಡ್ತೀವಿ. ಚೀಟಿ ಯಾರ್ ಕೈಗೋಯ್ತೋ ಅವ್ರ್ ಪಾಲು, ಅದ್ಕೆ ಮಿಕ್ಕೋರು ಅರ್ಜಿ ಆಕಂಗಿಲ್ಲ. ನಮ್ ನಮ್ಮಲ್ಲೇ ಕಿತ್ತಾಡ್ಬಾರ್ದಲ್ವಾ?"

ಬಸ್ಸಿನಿಂದ ಬಸ್ಸಿಗೆ ಚೀಟಿ ದಾಟಿಸುತ್ತಿದ್ದವನು ಖಾದರ್. ಅಂದು ಸಂಜೆ ಅವನನ್ನು ಕೇಳಿದಾಗ, "ಹೌದು, ನಾನೇ ಕೊಡೋದು. ನೀವ್ ಕೇಳ್ನೇ ಇಲ್ವಲ್ಲ," ಎಂದು ಊಟಕ್ಕೆ ಕೂತ.

ಮಾದಪ್ಪ ಇನ್ನೊಂದು ಮಾತು ಹೇಳಿದ್ದ. ಅವನಿಗೂ ಆ ವರ್ಷ ಶುಲ್ಕ ಕಟ್ಟುವುದು ಕಷ್ಟವಿತ್ತು. ಬೆಂಚಿನ ಮೇಲೆ ಎಲ್ಲರೂ ಆ ಚೀಟಿ ಅವನೇ ಇಟ್ಟುಕೊಳ್ಳಲಿ ಎಂದಿದ್ದರಂತೆ. "ನಾನು ಎಂಗಾದ್ರೂ ಮಾಡ್ಕತೀನಿ, ಗಂಡ್ಸು. ಅವ್ಳ್ಗೆ ಮದ್ವೆ ಮಾಡ್ಬುಡ್ತಾರೆ," ಎಂದು ಅವನೇ ಬಿಟ್ಟುಕೊಟ್ಟಿದ್ದ.

ಆ ಮೇಲೆ ನಾನು ನಿಜವಾದ ವಿದ್ಯಾರ್ಥಿವೇತನಕ್ಕಾಗಿ ಮೈಸೂರು, ಬೆಂಗಳೂರು, ಮುಂಬಯಿ ಎಂದು ಗೊತ್ತಿದ್ದ ಕಡೆಗೆಲ್ಲ ಬರೆದೆ. ಒಂದು ಕಡೆಯಿಂದ ಒಪ್ಪಿಗೆ ಬಂದಾಗ ಖಾದರನನ್ನು ಹಂಗಳಕ್ಕೆ ಕಳಿಸಿದೆ. ಅಷ್ಟರಲ್ಲಿ ಅವಳ ಮದುವೆಯಾಗಿತ್ತು. ನಾನು ಯಾರಿಗೂ ಏನೂ ಹೇಳಲಿಲ್ಲ. ಬಳಗ ಚದುರುವವರೆಗೂ ಹಾಳೆ ಬರೆದೆ, ಎರಡು ಪ್ರತಿಗಳನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ ಕಳಿಸಿದೆ.

ಕಂಟ್ರಾಕ್ಟರರು ಊರಿಗೆ ಮರಳಿದರು. ನಾನು ಇಲ್ಲೇ ಉಳಿದೆ. ಈ ಕಡೆಯ ಹೆಣ್ಣನ್ನೇ ಮದುವೆಯಾದೆ. ಧಾರವಾಡಕ್ಕೆ ಹೋದರೆ ತಮ್ಮನ ಮಕ್ಕಳು "ದೊಡ್ಡಪ್ಪಾ, ಮೈಸೂರು ಮಂದಿಗತೆ ಮಾತಾಡ್ತಿಯಲ್ಲೋ" ಎಂದು ನಗುತ್ತಾರೆ. ರೊಟ್ಟಿ ಎರಡಕ್ಕೇ ಸಾಕೆನಿಸಿ, ಮುದ್ದೆ ನೆನಪಾಗುತ್ತದೆ. ಇಲ್ಲಿಯವರು ಯಾವ ಸಭೆಯಲ್ಲೂ "ಇವ್ರು ನಮ್ಮೋರೇ" ಎಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಒಂದು ಕಾಲದಲ್ಲಿ ಈ ಮಾತಿಗಾಗಿ ಹಾತೊರೆದಿದ್ದೆ. ಈಗ ಅದು ಕಿವಿಗೆ ಬಿದ್ದರೆ, ಸುಳ್ಳು ಹೆಸರಿನಲ್ಲಿ ಒಳಗೆ ಬಂದವನ ಹಾಗೆ ಮುದುಡುತ್ತೇನೆ.

ಹೆಂಡತಿ ತೀರಿಕೊಂಡ ಮೇಲೆ, ಈ ವರ್ಷ, ಪುಣಜನೂರಿನ ಬಸ್ಸು ಹತ್ತಿದೆ. ಪುಟ್ಟತಾಯಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಲಿಲ್ಲ. ವಾಚನಾಲಯ ಎಂದಾಗ ಕೈ ನಿಂತಿತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ದೊಡ್ಡ ಮನುಷ್ಯರೂ ಇರಲಿಲ್ಲ, ನಂಜನಗೂಡಿನ ಹುಡುಗನೂ ಇರಲಿಲ್ಲ, ಅವರು ಬೆಳಗಿನ ಬಸ್ಸಿಗೆ ಬಂದಿದ್ದರೂ ಏನೂ ಸಿಗುತ್ತಿರಲಿಲ್ಲ.

ಅವರು ಕೈಯಲ್ಲಿದ್ದ ಹಣ್ಣಿನ ಬೀಜ ಬಿಡಿಸಿ ಪಕ್ಕಕ್ಕೆ ಹಾಕಿದರು. ಆಮೇಲೆ, ನನ್ನನ್ನು ನೋಡದೆ ಹೇಳಿದರು.

"ನಮ್ಮಪ್ಪ ಸಾಯೋಗಂಟ ಬಂದೋರ್ಗೆಲ್ಲ ಏಳ್ತಿತ್ತು. ನನ್ ಮಗ್ಳು ಓದ್ತಾ ಕೂತೇ ಓದು ಕಳ್ಕಂಡ್ಳು ಅಂತ. ನಾನೂ ಅಂಗೇ ಅನ್ಕಂಡಿದ್ದೆ. ನನ್ ಮಕ್ಳು ಬೆಳಗ್ಗೆ ಪುಸ್ತ್ಕ ಇಡ್ಕಂಡ್ರೆ, ಮೊದ್ಲು ಒರಡ್ರೋ, ಬಸ್ಸು ಒಂಟೋಯ್ತದೆ ಅಂತ ಬಯ್ತಿದ್ದೆ."

"ತಪ್ಪಾಯಿತು ತಾಯಿ," ಎಂದೆ.

"ನನ್ಗೇಳಿ ಈಗೇನ್ ಬಂತು? ನಮ್ಮಪ್ಪನ್ಗೆ ಏಳ್ಬೇಕಾಗಿತ್ತು." ಹುಣಸೆಯ ಮೊರವನ್ನು ಪಕ್ಕಕ್ಕೆ ಸರಿಸಿ, ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು. "ಕಾಕಾನ್ ಅಂಗ್ಡೀಲಿ ಕೂತ್ಕತಿದ್ದೋರು ಯಾರೂ ಇಂಗ್ ಮಾಡೋರಲ್ಲ. ನೀವು ಯಾವೂರೋರು?"

ಧಾರವಾಡ ಎನ್ನಲು ಬಾಯಿ ತೆರೆದೆ. ನನ್ನ ಕೆಲಸವನ್ನು, ಏನೂ ಅರಿಯದ ಆ ಊರಿನ ತಲೆಗೆ ಕಟ್ಟಿದಂತಾಗುತ್ತದೆ ಅನಿಸಿತು. ಚಾಮರಾಜನಗರ ಎನ್ನೋಣವೆಂದರೆ, ಆ ಹೆಸರು ಹೇಳುವ ಹಕ್ಕು ಅವರೆದುರು ನನಗಿರಲಿಲ್ಲ. ಅವರು ಉತ್ತರಕ್ಕಾಗಿ ಕಾಯುತ್ತ ಕೂತಿದ್ದರು. ನಾನು ಕೈಮುಗಿದುಕೊಂಡು ಅಂಗಳದಲ್ಲಿ ನಿಂತೇ ಇದ್ದೆ.